ಮುಯ್ಯಿ: ಹಳೆಯ ಮೈಸೂರಿನ ಕೆರೆಯೂರುಗಳ ಒಳಬಾಳು

ಕನ್ನಡದಲ್ಲಿ ‘ಮುಯ್ಯಿ’ ಎಂಬುದೊಂದು ಹಳೆಯ ಮಾತುಂಟು. ಮದುವೆಯ ಚಪ್ಪರದಲ್ಲಿ ನಂಟರಿಷ್ಟರು ಒಪ್ಪಿಸುವ ಉಡುಗೊರೆಗೆ ಆ ಹೆಸರು. ಒಬ್ಬನ ಗದ್ದೆಯ ನಾಟಿಗೆ ನೆರೆಯವನು ಬಂದು ದುಡಿದರೆ, ಆ ಋಣವನ್ನು ಕೂಲಿಯಿಂದಲ್ಲದೆ ದುಡಿತದಿಂದಲೇ ತೀರಿಸುವುದಕ್ಕೂ ಅದೇ ಹೆಸರು. ಕೇಡು ಮಾಡಿದವನಿಗೆ ತಿರುಗಿ ಕೇಡು ಮಾಡುವುದನ್ನೂ ಮುಯ್ಯಿ ತೀರಿಸುವುದೆಂದೇ ಹೇಳುವರು. ಇವಕ್ಕೆ ಬೇರೆ ಬೇರೆ ಮಾತುಗಳು ಬೇಕೆಂದು ಹಿಂದಿನವರಿಗೆ ತೋರಲಿಲ್ಲ. ಹಳೆಯ ಮೈಸೂರು ಸೀಮೆಯ ಹಳ್ಳಿಗಳ ಚರಿತ್ರೆಯನ್ನು ಕೊಂಚ ಕೆದಕಿ ನೋಡಿದರೆ ಕಾರಣವು ತಾನಾಗಿ ಹೊಳೆಯುವುದು. ಯಾವ ಯಾವ ಕೆಲಸಗಳಿಗಾಗಿ ಊರು ಒಂದಾಗುತ್ತಿದ್ದಿತೋ ಆ ಕೆಲಸಗಳಲ್ಲಿಯೇ ಅದು ಒಡೆಯುತ್ತಲೂ ಇದ್ದಿತು.

ಗ್ರಾಮವನ್ನು ಕುರಿತು ಬರೆದವರು ಈ ಎರಡರಲ್ಲಿ ಒಂದನ್ನೇ ಎತ್ತಿ ಹೇಳಿದುದು ಹೆಚ್ಚು. 1830ರ ತನ್ನ ಟಿಪ್ಪಣಿಯೊಂದರಲ್ಲಿ ಸರ್ ಚಾರ್ಲ್ಸ್ ಮೆಟ್ಕಾಫನು ಈ ದೇಶದ ಗ್ರಾಮಗಳನ್ನು ಪುಟ್ಟ ಗಣರಾಜ್ಯಗಳೆಂದು ಕರೆದು, ಅರಸುಮನೆತನಗಳು ಒಂದರ ಮೇಲೊಂದು ಉರುಳಿದರೂ ಇವು ಮಾತ್ರ ಅಳಿಯದೆ ನಿಂತಿವೆಯೆಂದು ಹೊಗಳಿದನು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರ್ ಅವರು ಅದೇ ಟಿಪ್ಪಣಿಯನ್ನು ಓದಿ, ಉಳಿದುದೇನೋ ಸರಿ, ಎಂತಹ ಸ್ಥಿತಿಯಲ್ಲಿ ಉಳಿದವೆಂಬುದನ್ನೂ ಕೇಳಬೇಡವೆ ಎಂದು ಪ್ರಶ್ನಿಸಿ, ಗ್ರಾಮವು ಸಂಕುಚಿತ ಬುದ್ಧಿಯ ಮತ್ತು ಅಜ್ಞಾನದ ಬೀಡೆಂದು ಖಂಡಿಸಿದರು. ಮೆಟ್ಕಾಫನದು ಊರ ಮುಂದಿನ ಕಟ್ಟೆಯಿಂದ ನೋಡಿದ ನೋಟ. ಅಂಬೇಡ್ಕರ್ ಅವರದು ಊರಾಚೆಯ ಕೇರಿಯಿಂದ ನೋಡಿದ ನೋಟ. ಊರು ಮಾತ್ರ ಒಂದೇ.

ಮೈಸೂರಿನ ಬಯಲುಸೀಮೆಯ ಹಳ್ಳಿಗೆ ಕೆರೆಯೇ ಜೀವ. ಸಂಸ್ಥಾನದ ಮುಖ್ಯ ಎಂಜಿನಿಯರಾಗಿದ್ದ ಸ್ಯಾಂಕಿಯವರು 1866ರಲ್ಲಿ, 27,269 ಚದರ ಮೈಲಿಗಳ ಸಂಸ್ಥಾನದಲ್ಲಿ ನೂರಕ್ಕೆ ಸುಮಾರು ಅರುವತ್ತು ಭಾಗವು ಕೆರೆಗಳ ಏರ್ಪಾಟಿಗೆ ಒಳಪಟ್ಟಿದೆಯೆಂದೂ, ಹೊಸದೊಂದು ಕೆರೆಗೆ ಜಾಗವನ್ನು ಹುಡುಕುವುದೇ ಪ್ರಯಾಸವೆಂದೂ ತಿಳಿಸಿದರು. ಮೇಲಿನ ಕೆರೆ ಕೋಡಿ ಬಿದ್ದು ಹರಿದ ನೀರು ಕೆಳಗಿನ ಕೆರೆಗೆ ಸೇರುವುದು. ಅದರ ಕೋಡಿ ಮತ್ತೊಂದಕ್ಕೆ. ಹೀಗೆ ಸರಪಣಿಯಂತೆ ಹೆಣೆದ ಕೆರೆಗಳಲ್ಲಿ ಮೇಲಿನ ಊರಿನವರು ತಮ್ಮ ಕೋಡಿಯನ್ನು ಒಂದು ಮೊಳ ಎತ್ತರಿಸಿದರೆ ಕೆಳಗಿನವರ ಗದ್ದೆ ಒಣಗುವುದು, ಮೇಲಿನವರ ಏರಿ ಒಡೆದರೆ ಕೆಳಗಿನವರ ಮನೆಗಳೇ ಕೊಚ್ಚಿಹೋಗುವುವು. ಇಂತಹ ಜಗಳಗಳು ಹೊಸವಲ್ಲ. ಕಡಪಾ ಸೀಮೆಯ ಪೋರುಮಾಮಿಳ್ಳದಲ್ಲಿ ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ಕಟ್ಟಿಸಿದ ಕೆರೆಯ 1369ರ ಸಂಸ್ಕೃತ ಶಾಸನವು ಕೆರೆಗೆ ಬೇಕಾದ ಹನ್ನೆರಡು ಸಾಧನಗಳನ್ನೂ, ತಗಲಬಾರದ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಲ್ಲಿ ನೀರು ಜಿನುಗುವುದು, ಚೌಳು ಮಣ್ಣು ಮೊದಲಾದ ದೋಷಗಳ ನಡುವೆ, ಎರಡು ರಾಜ್ಯಗಳ ಎಲ್ಲೆಯ ಮೇಲೆ ಕೆರೆಯಿರುವುದೂ ಒಂದು ದೋಷವೆಂದು ಹೇಳಿದೆ. ಆ ಶಾಸನವನ್ನು ರಚಿಸಿದವನಿಗೆ ಮಣ್ಣಿನ ಗುಣದಷ್ಟೇ ಮನುಷ್ಯರ ಗುಣವೂ ತಿಳಿದಿತ್ತು.

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಪಡಿಸಿದ ಕೌಟಿಲ್ಯನ ಅರ್ಥಶಾಸ್ತ್ರವೂ ಈ ವಿಷಯದಲ್ಲಿ ನಿಷ್ಠುರವಾಗಿದೆ. ಎಲ್ಲರೂ ಕೂಡಿ ಸೇತುವನ್ನು ಕಟ್ಟುವಾಗ ಹಿಂಜರಿದವನು ತನ್ನ ಆಳುಗಳನ್ನೂ ಎತ್ತುಗಳನ್ನೂ ಕಳುಹಿಸಬೇಕು, ವೆಚ್ಚದಲ್ಲಿ ಪಾಲು ಕೊಡಬೇಕು. ಫಲದಲ್ಲಿ ಮಾತ್ರ ಅವನಿಗೆ ಪಾಲಿಲ್ಲ. ಜನರು ಸಂತೋಷದಿಂದಲೇ ಕೂಡಿ ದುಡಿಯುತ್ತಿದ್ದರೆಂದಾಗಿದ್ದರೆ ಇಂತಹ ವಿಧಿಯು ಏಕೆ ಬೇಕಾಗುತ್ತಿದ್ದಿತು? ಆದರೂ ಸಂತೋಷವೇ ಇರಲಿಲ್ಲವೆನ್ನುವುದು ಸುಳ್ಳು. ಕೆರೆ ಕೋಡಿ ಬಿದ್ದಿತೆಂದು ತಮಟೆ ಕೇಳಿದೊಡನೆ ಊರಿಗೆ ಊರೇ ಏರಿಯ ಮೇಲೆ ನೆರೆದು ಗಂಗಮ್ಮನಿಗೆ ಬಾಗಿನವನ್ನು ಅರ್ಪಿಸುವ ಸಂಭ್ರಮವನ್ನು ಕಂಡವರು ಅದನ್ನು ಮರೆಯುವಂತಿಲ್ಲ.

ತುಂಬಿದ ಕೆರೆಯ ನೀರನ್ನು ಗದ್ದೆಗೆ ಬಿಡುವ ಅಧಿಕಾರವು ನೀರಗಂಟಿಗೆ ಸೇರಿದುದು. ತೂಬನ್ನು ಎತ್ತುವವನೂ ಅವನೇ, ಯಾವ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿಯನ್ನು ನಡೆಯಿಸುವವನೂ ಅವನೇ. ಮಳೆ ಕೈಕೊಟ್ಟ ವರ್ಷ ‘ದಾಮಾಶಾ’ ಎಂಬ ಕ್ರಮವಿತ್ತು. ಇದ್ದ ನೀರಿಗೆ ಎಷ್ಟು ನೆಲ ಬೆಳೆಯಬಹುದೆಂದು ನಿಶ್ಚಯಿಸಿ, ತೂಬಿಗೆ ಹತ್ತಿರದ ಅಷ್ಟು ಗದ್ದೆಯನ್ನು ಮಾತ್ರ ಉಳುವುದು. ಅದನ್ನು ಎಲ್ಲ ಗದ್ದೆಯವರಿಗೂ ಅವರವರ ಹಿಡುವಳಿಗೆ ತಕ್ಕ ಪ್ರಮಾಣದಲ್ಲಿ ಹಂಚುವುದು. ತನ್ನ ಗದ್ದೆಯಲ್ಲಿ ಮತ್ತೊಬ್ಬನು ಬೆಳೆ ಬೆಳೆಯುವುದನ್ನು ಆ ವರ್ಷ ಒಬ್ಬನು ಸಹಿಸಬೇಕಾಗಿದ್ದಿತು. ಇದಕ್ಕಿಂತ ನ್ಯಾಯವಾದ ಹಂಚಿಕೆಯನ್ನು ಊಹಿಸುವುದು ಸುಲಭವಲ್ಲ. ಆದರೆ ಅದೇ ವರ್ಷದ ಇರುಳುಗಳಲ್ಲಿ ಬದುವನ್ನು ಕಡಿದು ನೀರನ್ನು ಕದಿಯುವುದೂ, ಗುದ್ದಲಿಯ ಕಾವಿನಿಂದ ತಲೆ ಒಡೆಯುವುದೂ ನಡೆಯುತ್ತಿದ್ದಿತು.

ಸುಗ್ಗಿಯ ಕಣದಲ್ಲಿ ಊರ ಬಾಳಿನ ಲೆಕ್ಕವೆಲ್ಲ ಒಂದೇ ಕಡೆ ಕಾಣುತ್ತಿದ್ದಿತು. ಮೇಟಿಯ ಸುತ್ತ ದನಗಳನ್ನು ತಿರುಗಿಸಿ, ತೂರಿ, ರಾಶಿ ಮಾಡಿ, ಬೆನಕನನ್ನಿಟ್ಟು ಪೂಜಿಸಿ, ಆ ಮೇಲೆ ಅಳೆಯುವುದು. ಮೊದಲನೆಯ ಕೊಳಗವನ್ನು ‘ಒಂದು’ ಎನ್ನದೆ ‘ಲಾಭ’ ಎಂದೇ ಎಣಿಸುವರು. ರಾಶಿಯಿಂದ ಆಯಗಾರರಿಗೆ ಅವರವರ ಪಾಲು ಸಲ್ಲುತ್ತಿದ್ದಿತು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ವಿಲ್ಕ್ಸನು 1810ರಲ್ಲಿ ಪ್ರಕಟವಾದ ತನ್ನ ಚರಿತ್ರೆಯಲ್ಲಿ ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲಿ ಎಂದು ಹನ್ನೆರಡು ಮಂದಿಯನ್ನು ಹೆಸರಿಸಿದ್ದಾನೆ. 1800ರಲ್ಲಿ ಈ ಸೀಮೆಯನ್ನು ಸುತ್ತಿದ ಬುಕಾನನನು ಸರ್ಕಾರಕ್ಕೂ ರೈತನಿಗೂ ರಾಶಿಯು ಪಾಲಾಗುವ ಮೊದಲು ಯಾರು ಯಾರಿಗೆ ಎಷ್ಟೆಷ್ಟು ಹೋಗುತ್ತಿದ್ದಿತೆಂಬುದನ್ನು ಬಹು ತಾಳ್ಮೆಯಿಂದ ಬರೆದಿಟ್ಟನು. ಕಣದಿಂದ ಯಾರೂ ಬರಿಗೈಯಲ್ಲಿ ಹಿಂದಿರುಗುತ್ತಿರಲಿಲ್ಲ. ಎಲ್ಲರ ಕೈಯೂ ಸಮವಾಗಿ ತುಂಬುತ್ತಲೂ ಇರಲಿಲ್ಲ.

ಈ ಆಯದ ಕಟ್ಟಿಗೆ ಇನ್ನೊಂದು ಮುಖವಿದ್ದಿತು. ಕಟ್ಟೆಯ ಪಂಚಾಯಿತಿಯ ಮಾತನ್ನು ಮೀರಿದವನಿಗೆ ಬಹಿಷ್ಕಾರ ಬಿದ್ದರೆ, ಬೆಂಕಿಯೂ ನೀರೂ ನಿಲ್ಲುವುದು, ಅಗಸನು ಬಟ್ಟೆ ಮುಟ್ಟನು, ನಾಯಿಂದನು ಕ್ಷೌರಕ್ಕೆ ಬಾರನು. ಹನ್ನೆರಡು ಕೈಗಳ ನೆರವಿಲ್ಲದೆ ಬದುಕಲಾಗದಂತೆ ಕಟ್ಟಿದ ಬಾಳಿನಲ್ಲಿ ಆ ಕೈಗಳನ್ನು ಹಿಂದೆಗೆಯುವುದೇ ಸಾಕಾದ ಶಿಕ್ಷೆ. ಜಾತ್ರೆಯ ವ್ಯಾಜ್ಯಗಳೂ ಹೀಗೆಯೇ. ತೇರನ್ನು ಎಳೆಯುವುದು ಎಲ್ಲರೂ ಕೂಡಿ. ಮೊದಲ ವೀಳ್ಯವು ಯಾರಿಗೆ, ಮೆರವಣಿಗೆಯು ಯಾವ ಬೀದಿಯಲ್ಲಿ ಹೋಗಬೇಕು ಎಂಬಲ್ಲಿ ಮಾತ್ರ ಕಲಹ. ಬಲಗೈಯ ಹದಿನೆಂಟು ಫಣಕ್ಕೂ ಎಡಗೈಯ ಒಂಬತ್ತು ಫಣಕ್ಕೂ ಇಂತಹ ಮರ್ಯಾದೆಗಳ ವಿಷಯದಲ್ಲಿ ನಡೆದ ಬಡಿದಾಟಗಳು ಬುಕಾನನನ ಬರವಣಿಗೆಯಲ್ಲಿಯೂ ಕಾಣುತ್ತವೆ.

ಆದರೆ ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದುದು ಎಲ್ಲೆಯ ವಿಷಯ. ಲಿಂಗಮುದ್ರೆಯ ಕಲ್ಲು, ವಾಮನಮುದ್ರೆಯ ಕಲ್ಲುಗಳನ್ನು ನೆಟ್ಟಿದ್ದರೂ ಊರೂರುಗಳ ನಡುವೆ ಎಲ್ಲೆಯ ತಕರಾರು ತಪ್ಪುತ್ತಿರಲಿಲ್ಲ. ಆಗ ಅದನ್ನು ತೀರ್ಮಾನಿಸುತ್ತಿದ್ದವನು ಗೌಡನಲ್ಲ, ಶಾನುಭೋಗನೂ ಅಲ್ಲ. ಊರಿನವರು ಅಸ್ಪೃಶ್ಯರೆಂದು ದೂರವಿಟ್ಟಿದ್ದ ಕೇರಿಯ ಕುಳವಾಡಿ. ಮೈಸೂರಿನ ಅಧಿಕಾರಿ ಜೆ. ಎಸ್. ಎಫ್. ಮೆಕೆಂಜಿಯು 1873ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಈ ಪದ್ಧತಿಯನ್ನು ವರ್ಣಿಸಿದ್ದಾನೆ. ಊರಿನ ಮಣ್ಣನ್ನು ಉಂಡೆ ಕಟ್ಟಿ, ನಡುವೆ ನೀರಿಟ್ಟು, ಅದನ್ನು ತಲೆಯ ಮೇಲೆ ಹೊತ್ತು ಕುಳವಾಡಿಯು ಎಲ್ಲೆಯ ಗುಂಟ ನಡೆಯಬೇಕು. ಸರಿಯಾದ ಜಾಡಿನಲ್ಲಿ ನಡೆದರೆ ಸರಿ. ಅರಿಯದೆಯಾದರೂ ಗೆರೆ ದಾಟಿದರೆ ಉಂಡೆ ತಾನಾಗಿ ಒಡೆಯುವುದು, ಹದಿನೈದು ದಿನಗಳಲ್ಲಿ ಅವನು ಸಾಯುವನು, ಅವನ ಮನೆ ಹಾಳಾಗುವುದು ಎಂದು ಜನರ ನಂಬುಗೆ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಸೀಮಾವಿವಾದದ ಸಾಕ್ಷಿಗಳು ತಲೆಯ ಮೇಲೆ ಮಣ್ಣನ್ನಿಟ್ಟು, ಕೆಂಪು ಬಟ್ಟೆಯನ್ನುಟ್ಟು, ಹೂಮಾಲೆ ಧರಿಸಿ, ತಮ್ಮ ಪುಣ್ಯದ ಮೇಲೆ ಆಣೆಯಿಟ್ಟು ಎಲ್ಲೆಯನ್ನು ತೋರಬೇಕೆಂದಿದೆ. ಆ ವಿಧಿಗೂ ಕುಳವಾಡಿಯ ನಡಗೆಗೂ ಇರುವ ಹೋಲಿಕೆಯನ್ನು ಪಂಡಿತರು ವಿಚಾರಿಸಬೇಕು.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು. ಊರಿನ ಎಲ್ಲೆಯನ್ನು ಪ್ರಾಣಕ್ಕೆ ಒಡ್ಡಿಕೊಂಡು ಹೇಳಬಲ್ಲವನು ಊರೊಳಗೆ ಮನೆ ಕಟ್ಟುವಂತಿರಲಿಲ್ಲ. ನೀರಗಂಟಿಯೂ ಹಲವು ಊರುಗಳಲ್ಲಿ ಅದೇ ಕೇರಿಯವನು. ಅವನು ಬಿಟ್ಟ ನೀರಿನಿಂದ ಬೆಳೆದ ಅಕ್ಕಿ ಎಲ್ಲರ ಮನೆಯಲ್ಲಿಯೂ ಬೇಯುತ್ತಿದ್ದಿತು. ಅವನು ಮಾತ್ರ ಊರ ಬಾವಿಗೆ ಕೊಡ ಇಳಿಸಲಾಗದು. ಅವನ ಮಾತನ್ನು ನಂಬಿದರು, ಅವನನ್ನು ಮುಟ್ಟಲಿಲ್ಲ. ಊರಿನ ಸೊಗಸನ್ನು ಹಾಡುವ ಯಾವ ಬರಹವೂ ಈ ಮುಯ್ಯಿಯನ್ನು ತೀರಿಸದೆ ಮುಂದೆ ಹೋಗುವುದು ಧರ್ಮವಲ್ಲ.

ಈ ಏರ್ಪಾಟು ಒಂದೇ ಏಟಿಗೆ ಬಿದ್ದುದಲ್ಲ. 1863ರಲ್ಲಿ ಆರಂಭವಾದ ಭೂಮಾಪನ ಬಂದೋಬಸ್ತಿನಿಂದ ಕಂದಾಯವು ನಗದಿನಲ್ಲಿ ಗೊತ್ತಾಗಿ, ಕಣದ ರಾಶಿಯಲ್ಲಿ ಸರ್ಕಾರದ ಪಾಲು ನಿಂತಿತು. ಅಳತೆಯ ಸರಪಣಿಯೂ ನಕ್ಷೆಯೂ ಬಂದ ಮೇಲೆ ಮಣ್ಣಿನ ಉಂಡೆಗೆ ಕೆಲಸ ಉಳಿಯಲಿಲ್ಲ. ಕೆರೆಯ ಹೂಳೆತ್ತುವ ಕೂಡುದುಡಿತವು ಸಡಿಲಿದುದನ್ನು ಬಿಗಿಮಾಡಲು 1911ರಲ್ಲಿ ಕೆರೆ ಪಂಚಾಯಿತಿಯ ಕಾಯಿದೆ ಹೊರಟಿತು. ಹಿಂದೆ ರೂಢಿಯು ಮಾಡುತ್ತಿದ್ದುದನ್ನು ಕಾಗದವು ಮಾಡುವುದು ಕಷ್ಟವೇ ಆಯಿತು. 1948ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಬಿಡಾರ ಮಾಡಿದ ಎಂ. ಎನ್. ಶ್ರೀನಿವಾಸರು, ಆ ಊರಿಗೆ ರಾಮಪುರವೆಂಬ ಮರೆಹೆಸರಿಟ್ಟು 1976ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಇನ್ನೂ ಉಸಿರಾಡುತ್ತಿದ್ದ ಹಳೆಯ ಕಟ್ಟನ್ನು ಚಿತ್ರಿಸಿದ್ದಾರೆ. ಅಲ್ಲಿಯೂ ಸ್ನೇಹದಷ್ಟೇ ಜಗಳಗಳಿಗೆ ಜಾಗ ದೊರೆತಿದೆ.

1950ರ ಸಂವಿಧಾನವು ಅಸ್ಪೃಶ್ಯತೆಯನ್ನು ರದ್ದುಮಾಡಿತಲ್ಲದೆ, ಸಾರ್ವಜನಿಕ ಉಪಯೋಗದ ಬಾವಿ, ಕೆರೆ, ಸ್ನಾನಘಟ್ಟಗಳಲ್ಲಿ ಜಾತಿಯ ಕಾರಣದಿಂದ ಯಾರನ್ನೂ ತಡೆಯಲಾಗದೆಂದು ಹೆಸರು ಹಿಡಿದು ಹೇಳಿತು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ತೆಗೆದುಹಾಕುವ 1961ರ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಗೌಡಿಕೆ, ಶಾನುಭೋಗಿಕೆಗಳೊಡನೆ ತೋಟಿ, ನೀರಗಂಟಿಗಳ ಹುದ್ದೆಗಳೂ ಹೋದವು. ಆ ಹುದ್ದೆಗಳಿಗೆ ಅಂಟಿದ್ದ ಮಾನ್ಯದ ನೆಲವನ್ನು ಹಿಡಿದಿದ್ದವರಿಗೇ ಮರಳಿ ಮಂಜೂರು ಮಾಡಲು ಕಾಯಿದೆಯು ಅವಕಾಶ ಕೊಟ್ಟಿತು. ಊರ ಎಲ್ಲೆಯೊಳಗಿನ ತುಂಡು ಗದ್ದೆಯೊಂದು ಹೀಗೆ ನೀರಗಂಟಿಯ ಮಕ್ಕಳ ಸ್ವಂತ ಹೆಸರಿನಲ್ಲಿ ಖಾತೆಯಾಗುವಂತಾಯಿತು. ತೂಬನ್ನು ಇನ್ನು ಯಾರು ಎತ್ತಬೇಕೆಂಬುದನ್ನು ಮಾತ್ರ ಊರಿನವರು ಹೊಸದಾಗಿ ಕುಳಿತು ಮಾತಾಡಬೇಕಾಯಿತು.