ಪ್ರೌಢಶಾಲಾ ಕಬಡ್ಡಿಯಲ್ಲಿ ವಿವಾದಿತ ತೀರ್ಪುಗಳು

ಪ್ರೌಢಶಾಲಾ ಕಬಡ್ಡಿಯಲ್ಲಿ ವಿವಾದಿತ ತೀರ್ಪುಗಳು ಎಂಬುದು ಶಾಲಾ ಕ್ರೀಡಾಕೂಟಗಳ ಕಬಡ್ಡಿ ಪಂದ್ಯಗಳಲ್ಲಿ ಅಂಪೈರ್ ಹಾಗೂ ರೆಫರಿಗಳ ನಿರ್ಣಯಗಳ ಕುರಿತು ಏಳುವ ಭಿನ್ನಾಭಿಪ್ರಾಯಗಳನ್ನೂ, ನಿಯಮಗಳನ್ನು ಅರ್ಥೈಸುವಲ್ಲಿನ ವ್ಯತ್ಯಾಸಗಳನ್ನೂ ಸೂಚಿಸುತ್ತದೆ. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳೂ ಸೇರಿದಂತೆ ಉತ್ತರ ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕಬಡ್ಡಿಯು ಪ್ರಮುಖ ಗುಂಪು ಆಟಗಳಲ್ಲಿ ಒಂದಾಗಿದೆ. ಬೋನಸ್ ಅಂಕ, ಲಾಬಿ ಪ್ರವೇಶ, ಸ್ಪರ್ಶ ಮತ್ತು ಉಸಿರು ಮುರಿಯುವಿಕೆ ಇವು ಹೆಚ್ಚಾಗಿ ವಿವಾದಕ್ಕೆ ಒಳಗಾಗುವ ಅಂಶಗಳಾಗಿವೆ.

ಸ್ಪರ್ಧೆಗಳ ಸ್ವರೂಪ

ಹಾವೇರಿ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ರಾಜ್ಯದ ಶಾಲಾ ಕ್ರೀಡಾಕೂಟಗಳು ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ ಮತ್ತು ರಾಜ್ಯ ಎಂಬ ಹಂತಗಳಲ್ಲಿ ನಡೆಯುತ್ತವೆ. ಹಾವೇರಿ ಜಿಲ್ಲೆಯು ಬೆಳಗಾವಿ ವಿಭಾಗಕ್ಕೆ ಸೇರುವುದರಿಂದ, ಜಿಲ್ಲಾ ಮಟ್ಟದಲ್ಲಿ ಗೆದ್ದ ತಂಡವು ವಿಭಾಗ ಮಟ್ಟದಲ್ಲಿ ಬೆಳಗಾವಿ, ಧಾರವಾಡ, ವಿಜಯಪುರ ಮೊದಲಾದ ಜಿಲ್ಲೆಗಳ ತಂಡಗಳನ್ನು ಎದುರಿಸುತ್ತದೆ. ರಾಷ್ಟ್ರೀಯ ಶಾಲಾ ಕ್ರೀಡೆಗಳನ್ನು ಭಾರತೀಯ ಶಾಲಾ ಕ್ರೀಡಾ ಒಕ್ಕೂಟವು 14, 17 ಮತ್ತು 19 ವರ್ಷದೊಳಗಿನವರ ವಿಭಾಗಗಳಲ್ಲಿ ನಡೆಸುತ್ತದೆ.

ಕೆಳ ಹಂತದ ಪಂದ್ಯಗಳು ಸಾಮಾನ್ಯವಾಗಿ ನಾಕೌಟ್ ಪದ್ಧತಿಯಲ್ಲಿ ನಡೆಯುತ್ತವೆ. ಒಮ್ಮೆ ಸೋತ ತಂಡಕ್ಕೆ ಆ ವರ್ಷ ಮತ್ತೊಂದು ಅವಕಾಶವಿರುವುದಿಲ್ಲ. ಹತ್ತನೇ ತರಗತಿಯ ವಿದ್ಯಾರ್ಥಿಗಳಿಗೆ ಅದು ಪ್ರೌಢಶಾಲಾ ಮಟ್ಟದ ಕೊನೆಯ ಪಂದ್ಯವೂ ಆಗಬಹುದು. ಮೇಲಿನ ಹಂತಗಳಲ್ಲಿ ದೊರೆಯುವ ಪ್ರಮಾಣಪತ್ರಗಳು ಮುಂದೆ ಕ್ರೀಡಾ ಕೋಟಾದಡಿಯ ಪ್ರವೇಶಕ್ಕೆ ನೆರವಾಗುತ್ತವೆ. ಆದುದರಿಂದ ಒಂದು ಅಂಕದ ತೀರ್ಪು ಕೂಡ ವಿದ್ಯಾರ್ಥಿಯ ಪಾಲಿಗೆ ಮಹತ್ವದ್ದಾಗುತ್ತದೆ.

ಪಂದ್ಯಾಧಿಕಾರಿಗಳು

ಕಬಡ್ಡಿಯ ನಿಯಮಗಳ ಪ್ರಕಾರ ಒಂದು ಪಂದ್ಯಕ್ಕೆ ಒಬ್ಬ ರೆಫರಿ, ಇಬ್ಬರು ಅಂಪೈರ್‌ಗಳು, ಒಬ್ಬ ಅಂಕ ಲೇಖಕ ಮತ್ತು ಇಬ್ಬರು ಸಹಾಯಕ ಅಂಕ ಲೇಖಕರು ಇರಬೇಕು. ಅಂಕಣದಲ್ಲಿನ ಘಟನೆಗಳ ಬಗ್ಗೆ ಅಂಪೈರ್‌ಗಳು ನಿರ್ಣಯ ನೀಡುತ್ತಾರೆ. ಇಬ್ಬರು ಅಂಪೈರ್‌ಗಳ ನಡುವೆ ಒಮ್ಮತವಿಲ್ಲದಿದ್ದಾಗ ರೆಫರಿಯ ನಿರ್ಣಯವೇ ಅಂತಿಮವಾಗುತ್ತದೆ. ಅಶಿಸ್ತಿನ ವರ್ತನೆಗೆ ಎಚ್ಚರಿಕೆಯಾಗಿ ಹಸಿರು, ತಾತ್ಕಾಲಿಕವಾಗಿ ಹೊರಗಿಡಲು ಹಳದಿ ಮತ್ತು ಪಂದ್ಯದಿಂದಲೇ ಹೊರಹಾಕಲು ಕೆಂಪು ಕಾರ್ಡನ್ನು ತೋರಿಸಲಾಗುತ್ತದೆ.

ಶಾಲಾ ಮಟ್ಟದಲ್ಲಿ ಈ ಹೊಣೆಯನ್ನು ಬಹುಮಟ್ಟಿಗೆ ದೈಹಿಕ ಶಿಕ್ಷಣ ಶಿಕ್ಷಕರೇ ನಿರ್ವಹಿಸುತ್ತಾರೆ. ಒಂದು ಪಂದ್ಯದಲ್ಲಿ ತಂಡದ ತರಬೇತುದಾರರಾಗಿರುವವರು ಮತ್ತೊಂದು ಪಂದ್ಯದಲ್ಲಿ ಅಂಪೈರ್ ಆಗಿರುವುದುಂಟು. ಇದರಿಂದ ಪಕ್ಷಪಾತದ ಸಂಶಯ ಹುಟ್ಟದಿರಲು, ಆಡುತ್ತಿರುವ ಎರಡೂ ಶಾಲೆಗಳಿಗೆ ಸೇರದವರನ್ನು ನೇಮಿಸುವುದು ಉತ್ತಮ ಕ್ರಮವೆಂದು ಪರಿಗಣಿತವಾಗಿದೆ.

ವಿವಾದಕ್ಕೆ ಒಳಗಾಗುವ ನಿಯಮಗಳು

ಬೋನಸ್ ಅಂಕ

ಬಾಕ್ ಗೆರೆಯಿಂದ ಒಂದು ಮೀಟರ್ ಹಿಂದೆ ಬೋನಸ್ ಗೆರೆ ಇರುತ್ತದೆ. ಎದುರಾಳಿ ಅಂಕಣದಲ್ಲಿ ಕನಿಷ್ಠ ಆರು ಆಟಗಾರರು ಇದ್ದಾಗ ಮಾತ್ರ ಬೋನಸ್ ಅಂಕ ದೊರೆಯುತ್ತದೆ. ದಾಳಿಗಾರನ ಒಂದು ಪಾದವು ಗೆರೆಯನ್ನು ಪೂರ್ಣವಾಗಿ ದಾಟಿ ನೆಲ ಮುಟ್ಟಬೇಕು. ಆ ಕ್ಷಣದಲ್ಲಿ ಹಿಂದಿನ ಪಾದವು ನೆಲದಿಂದ ಮೇಲೆದ್ದಿರಬೇಕು. ಎರಡೂ ಪಾದಗಳನ್ನು ಏಕಕಾಲಕ್ಕೆ ಗಮನಿಸಬೇಕಾಗಿರುವುದರಿಂದ ಅಂಪೈರ್ ನಿಂತ ಸ್ಥಳವು ನಿರ್ಣಾಯಕವಾಗುತ್ತದೆ. ಬೋನಸ್ ಅಂಕದಿಂದ ಔಟಾದ ಆಟಗಾರನು ಮರಳಿ ಅಂಕಣಕ್ಕೆ ಬರುವಂತಿಲ್ಲ ಎಂಬುದನ್ನು ಕಿರಿಯ ಆಟಗಾರರು ಕೆಲವೊಮ್ಮೆ ತಪ್ಪಾಗಿ ತಿಳಿಯುತ್ತಾರೆ.

ಲಾಬಿ ಮತ್ತು ಹೊರಗೆರೆ

ಅಂಕಣದ ಎರಡೂ ಬದಿಗಳಲ್ಲಿ ಒಂದು ಮೀಟರ್ ಅಗಲದ ಲಾಬಿ ಇರುತ್ತದೆ. ದಾಳಿಗಾರ ಮತ್ತು ರಕ್ಷಕರ ನಡುವೆ ಸ್ಪರ್ಶವಾಗುವವರೆಗೆ ಲಾಬಿಯು ಆಟದ ಭಾಗವಲ್ಲ. ಸ್ಪರ್ಶವಾದ ಕೂಡಲೇ ಅದು ಅಂಕಣಕ್ಕೆ ಸೇರುತ್ತದೆ. ಹೀಗಾಗಿ ಸ್ಪರ್ಶ ಮೊದಲಾಯಿತೇ, ಲಾಬಿ ಪ್ರವೇಶ ಮೊದಲಾಯಿತೇ ಎಂಬ ಪ್ರಶ್ನೆ ಪದೇ ಪದೇ ಎದುರಾಗುತ್ತದೆ. ಹೊರಗೆರೆಯಾಚೆ ದೇಹದ ಯಾವುದೇ ಭಾಗ ನೆಲಕ್ಕೆ ತಾಗಿದರೆ ಆಟಗಾರ ಔಟ್. ಆದರೆ ಸೆಣಸಾಟದ ವೇಳೆ ದೇಹದ ಒಂದು ಭಾಗವಾದರೂ ಗೆರೆಯೊಳಗಿನ ನೆಲಕ್ಕೆ ತಾಗಿದ್ದರೆ ಅವನು ಔಟಲ್ಲ. ಎದುರಾಳಿಯನ್ನು ಉದ್ದೇಶಪೂರ್ವಕವಾಗಿ ಹೊರಗೆ ತಳ್ಳುವುದು ನಿಷಿದ್ಧ.

ಉಸಿರು ಮತ್ತು ಹಿಡಿತ

ದಾಳಿಗಾರನು ಎದುರಾಳಿಯ ಅಂಕಣವನ್ನು ಮುಟ್ಟುವ ಮೊದಲೇ ‘ಕಬಡ್ಡಿ’ ಎಂದು ಸ್ಪಷ್ಟವಾಗಿ ಉಚ್ಚರಿಸಲಾರಂಭಿಸಿ, ಒಂದೇ ಉಸಿರಿನಲ್ಲಿ ಮುಂದುವರಿಸಬೇಕು. ದಾಳಿಯ ಅವಧಿ 30 ಸೆಕೆಂಡು. ಪ್ರೇಕ್ಷಕರು ಅಂಕಣದ ಅಂಚಿನಲ್ಲಿಯೇ ನಿಂತು ಕೂಗುವ ಶಾಲಾ ಮೈದಾನಗಳಲ್ಲಿ ಉಚ್ಚಾರಣೆ ನಿಂತಿತೇ ಎಂಬುದನ್ನು ಕೇಳಿ ನಿರ್ಧರಿಸುವುದು ಕಠಿಣ. ರಕ್ಷಕರು ದಾಳಿಗಾರನನ್ನು ಕೈಕಾಲು ಅಥವಾ ಮುಂಡದ ಭಾಗದಲ್ಲಿ ಮಾತ್ರ ಹಿಡಿಯಬಹುದು. ಬಾಯಿ ಮುಚ್ಚುವುದು, ಬಟ್ಟೆ ಅಥವಾ ಕೂದಲು ಎಳೆಯುವುದು ನಿಯಮಬಾಹಿರ.

ನಿಯಮಾವಳಿಗಳ ವ್ಯತ್ಯಾಸ

2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಬಳಿಕ ದೂರದರ್ಶನದ ಮೂಲಕ ‘ಸೂಪರ್ ಟ್ಯಾಕಲ್’, ‘ಡು ಆರ್ ಡೈ’ ದಾಳಿ ಮೊದಲಾದ ನಿಯಮಗಳು ವಿದ್ಯಾರ್ಥಿಗಳಿಗೆ ಪರಿಚಿತವಾದವು. ಮೂವರು ಅಥವಾ ಅದಕ್ಕಿಂತ ಕಡಿಮೆ ರಕ್ಷಕರು ದಾಳಿಗಾರನನ್ನು ಹಿಡಿದರೆ ಸೂಪರ್ ಟ್ಯಾಕಲ್‌ನ ಹೆಚ್ಚುವರಿ ಅಂಕ ದೊರೆಯುತ್ತದೆ. ಸತತ ಎರಡು ದಾಳಿಗಳು ಅಂಕವಿಲ್ಲದೆ ಮುಗಿದರೆ ಮೂರನೆಯದು ಡು ಆರ್ ಡೈ ದಾಳಿಯಾಗುತ್ತದೆ. ಹಳೆಯ ನಿಯಮಾವಳಿಯಲ್ಲಿ ಪಳಗಿದ ಅಧಿಕಾರಿಗಳು ಮತ್ತು ಲೀಗ್ ಪಂದ್ಯಗಳನ್ನು ನೋಡಿ ಕಲಿತ ಆಟಗಾರರ ನಡುವೆ ಈ ವಿಷಯದಲ್ಲಿ ಗೊಂದಲ ಉಂಟಾಗುತ್ತದೆ. ಆದ್ದರಿಂದ ಅನ್ವಯವಾಗುವ ನಿಯಮಗಳನ್ನು ಕೂಟದ ಆರಂಭಕ್ಕೆ ಮುನ್ನ ತಂಡ ವ್ಯವಸ್ಥಾಪಕರ ಸಭೆಯಲ್ಲಿ ಪ್ರಕಟಿಸುವುದು ಅಗತ್ಯ.

ಇಂತಹ ಗೊಂದಲ ಅಂತರರಾಷ್ಟ್ರೀಯ ಮಟ್ಟದಲ್ಲಿಯೂ ಸಂಭವಿಸಿದೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಪುರುಷರ ಫೈನಲ್ ಪಂದ್ಯವು 2023ರ ಅಕ್ಟೋಬರ್ 7ರಂದು ಭಾರತ ಮತ್ತು ಇರಾನ್ ನಡುವೆ ನಡೆಯಿತು. ಅಂಕಗಳು 28–28ರಲ್ಲಿ ಸಮನಾಗಿದ್ದಾಗ ಭಾರತದ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಯನ್ನು ಪ್ರವೇಶಿಸಿದರು. ಇರಾನಿನ ರಕ್ಷಕರು ಅವರನ್ನು ಹಿಂಬಾಲಿಸಿದರು. ಒಂದು ನಿಯಮದ ಪ್ರಕಾರ ಲಾಬಿಗೆ ಬಂದ ರಕ್ಷಕರೂ ಔಟಾಗುತ್ತಾರೆ. ಮತ್ತೊಂದರ ಪ್ರಕಾರ ದಾಳಿಗಾರ ಔಟಾದ ಕೂಡಲೇ ದಾಳಿ ಮುಗಿಯುತ್ತದೆ. ತೀರ್ಪು ಬದಲಾಗುತ್ತ ಹೋಗಿ, ಎರಡೂ ತಂಡಗಳು ಪ್ರತಿಭಟಿಸಿ, ಆಟ ದೀರ್ಘಕಾಲ ಸ್ಥಗಿತಗೊಂಡಿತು. ಅಂತಿಮವಾಗಿ ಭಾರತಕ್ಕೆ ನಾಲ್ಕು ಮತ್ತು ಇರಾನ್‌ಗೆ ಒಂದು ಅಂಕ ನೀಡಲಾಯಿತು. ಭಾರತವು 33–29ರಿಂದ ಜಯಗಳಿಸಿತು.

ಮೈದಾನದ ಸ್ಥಿತಿ

ಪುರುಷರ ಅಂಕಣವು 13×10 ಮೀಟರ್, ಮಹಿಳೆಯರ ಅಂಕಣವು 12×8 ಮೀಟರ್ ಅಳತೆಯದಾಗಿದೆ. ಶಾಲಾ ಪಂದ್ಯಗಳು ಬಹುತೇಕ ಮಣ್ಣಿನ ಅಂಕಣದಲ್ಲಿ ನಡೆಯುತ್ತವೆ. ಅರೆಮಲೆನಾಡಿನ ಅಂಚಿನಲ್ಲಿರುವ ಹಾನಗಲ್ಲ ಹಾಗೂ ಹಿರೇಕೆರೂರು ಭಾಗಗಳಲ್ಲಿ ಮಳೆಗಾಲದ ತೇವದಿಂದ ನೆಲ ಜಾರುತ್ತದೆ. ಸುಣ್ಣದ ಪುಡಿಯಿಂದ ಎಳೆದ ಗೆರೆಗಳು ಕೆಲವೇ ದಾಳಿಗಳ ನಂತರ ಕಾಲ್ತುಳಿತಕ್ಕೆ ಮಸುಕಾಗುತ್ತವೆ. ಗೆರೆ ಕಾಣದಿದ್ದಲ್ಲಿ ಬೋನಸ್ ಮತ್ತು ಲಾಬಿಯ ತೀರ್ಪುಗಳು ಊಹೆಯ ಮಟ್ಟಕ್ಕೆ ಇಳಿಯುವುದರಿಂದ, ವಿರಾಮದ ವೇಳೆ ಗೆರೆಗಳನ್ನು ಮತ್ತೆ ಎಳೆಯುವ ಸರಳ ಕ್ರಮವೇ ಅನೇಕ ವಿವಾದಗಳನ್ನು ತಡೆಯುತ್ತದೆ. ವೃತ್ತಿಪರ ಲೀಗ್‌ಗಳಲ್ಲಿರುವ ವಿಡಿಯೊ ಮರುಪರಿಶೀಲನೆಯು ಈ ಹಂತದಲ್ಲಿ ಸಾಮಾನ್ಯವಾಗಿ ಲಭ್ಯವಿಲ್ಲ.

ಆಕ್ಷೇಪಣೆ

ಆಕ್ಷೇಪಣೆಗಳಲ್ಲಿ ಎರಡು ಬಗೆಗಳನ್ನು ಗುರುತಿಸಬಹುದು. ಪಾದ ಗೆರೆ ದಾಟಿತೇ, ಕೈ ತಾಗಿತೇ ಎಂಬುದು ಘಟನೆಗೆ ಸಂಬಂಧಿಸಿದ ನಿರ್ಣಯ. ಇದು ಅಂಪೈರ್ ಕಂಡದ್ದನ್ನು ಅವಲಂಬಿಸಿದೆ. ಐವರು ರಕ್ಷಕರಿದ್ದಾಗ ಬೋನಸ್ ಅಂಕ ನೀಡಿದರೆ ಅದು ನಿಯಮದ ತಪ್ಪು ಅನ್ವಯ. ಇದನ್ನು ಅಂಕಪಟ್ಟಿಯ ಆಧಾರದಿಂದ ಪರಿಶೀಲಿಸಬಹುದು. ಸಾಫ್ಟ್‌ಬಾಲ್ ಆಟದಲ್ಲಿಯೂ ಇದೇ ಭೇದವಿದ್ದು, ಅಂಪೈರ್ ಕಣ್ಣಾರೆ ಕಂಡು ನೀಡಿದ ನಿರ್ಣಯವನ್ನು ಪ್ರಶ್ನಿಸುವಂತಿಲ್ಲ. ನಿಯಮವನ್ನು ತಪ್ಪಾಗಿ ಅನ್ವಯಿಸಿದ್ದರೆ ಮಾತ್ರ ಪ್ರತಿಭಟನೆ ಸಲ್ಲಿಸಬಹುದು.

ಆಟಗಾರರ ಪರವಾಗಿ ಮಾತನಾಡುವ ಹೊಣೆ ತಂಡದ ನಾಯಕ ಅಥವಾ ವ್ಯವಸ್ಥಾಪಕರದ್ದಾಗಿರುತ್ತದೆ. ವಯಸ್ಸು ಮತ್ತು ವ್ಯಾಸಂಗಕ್ಕೆ ಸಂಬಂಧಿಸಿದ ಆಕ್ಷೇಪಣೆಗಳನ್ನು ಮುಖ್ಯೋಪಾಧ್ಯಾಯರು ದೃಢೀಕರಿಸಿದ ದಾಖಲೆಗಳ ಆಧಾರದಿಂದ ಇತ್ಯರ್ಥಪಡಿಸಲಾಗುತ್ತದೆ. ಮುಂದಿನ ಸುತ್ತು ಆರಂಭವಾದ ಮೇಲೆ ಫಲಿತಾಂಶವನ್ನು ಬದಲಿಸುವುದು ಇತರ ತಂಡಗಳಿಗೂ ತೊಂದರೆ ಉಂಟುಮಾಡುವುದರಿಂದ, ಆಕ್ಷೇಪಣೆಯನ್ನು ಪಂದ್ಯ ಮುಗಿದ ಕೂಡಲೇ ಲಿಖಿತವಾಗಿ ಸಲ್ಲಿಸುವುದು ಸೂಕ್ತ ವಿಧಾನವಾಗಿದೆ.