ಸ್ವಾಮಿಯ ಟೋಪಿ ಹೇಳುವ ಇತಿಹಾಸ

ಇತಿಹಾಸವೆಂದರೆ ನಾಯಕರ ಹೆಸರು, ಇಸವಿಗಳು ಮಾತ್ರವೇ? 1980ರ ದಶಕದಲ್ಲಿ ದೂರದರ್ಶನ ಪ್ರಸಾರ ಮಾಡಿದ, ಶಂಕರನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಬೇರೆಯದನ್ನೇ ಹೇಳುತ್ತದೆ. ಆಗುಂಬೆಯಲ್ಲಿ ಚಿತ್ರೀಕರಣಗೊಂಡ ಆ ಧಾರಾವಾಹಿಯಲ್ಲಿ ಬಾಲಕ ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್ ನಾಡನ್ನೇ ನಗಿಸಿದರು.

ಸ್ವಾಮಿಯ ಕಥೆಗೆ ಮೂಲ ಆರ್.ಕೆ. ನಾರಾಯಣ್ ಅವರ 1935ರ ಕಾದಂಬರಿ ‘ಸ್ವಾಮಿ ಅಂಡ್ ಫ್ರೆಂಡ್ಸ್’. ಕಥೆಯ ಕಾಲ 1930. ಕಾದಂಬರಿಯಲ್ಲಿ ವಿದೇಶಿ ಬಟ್ಟೆಯ ವಿರುದ್ಧ ಭಾಷಣ ಕೇಳಿದ ಸ್ವಾಮಿ ತನ್ನ ಟೋಪಿಯನ್ನು ಬೆಂಕಿಗೆ ಎಸೆಯುತ್ತಾನೆ. ಅದು ಅಪ್ಪಟ ಖಾದಿಯದೆಂದು ಆಮೇಲೆ ತಂದೆಯಿಂದ ತಿಳಿಯುತ್ತದೆ! ಮುಷ್ಕರದ ದಿನ ಶಾಲೆಯ ಕಿಟಕಿ ಗಾಜು ಒಡೆಯುತ್ತಾನೆ. ಅಂದು ಜನರ ಮೇಲೆ ಲಾಠಿ ಪ್ರಹಾರ ನಡೆಸಿದ ಪೊಲೀಸ್ ಅಧಿಕಾರಿ ಬೇರೆ ಯಾರೂ ಅಲ್ಲ, ಆಪ್ತ ಗೆಳೆಯ ರಾಜಮ್‌ನ ತಂದೆ. ದೇಶದ ಹೋರಾಟ ಹೀಗೆ ಇಬ್ಬರು ಹುಡುಗರ ಗೆಳೆತನದ ನಡುವೆ ಬಂದು ನಿಲ್ಲುತ್ತದೆ.

ಆಗ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಊರುಗಳು ಮುಂಬಯಿ ಪ್ರಾಂತ್ಯದ ವಿಜಾಪುರ ಜಿಲ್ಲೆಯಲ್ಲಿದ್ದವು. ಇಳಕಲ್ಲಿನ ಕೈಮಗ್ಗ ಕಂಡ ನಿಮಗೆ ಬಟ್ಟೆಯೇ ಏಕೆ ಹೋರಾಟದ ವಸ್ತುವಾಯಿತೆಂದು ವಿವರಿಸಬೇಕಿಲ್ಲ. ಹೊರಗಿನ ಗಿರಣಿ ಬಟ್ಟೆ ಅಗ್ಗವಾದರೆ ನೇಕಾರನ ಒಲೆ ಆರುತ್ತದೆ.

ನಿಮ್ಮ ಮನೆಯ ಹಿರಿಯರನ್ನು ಕೇಳಿರಿ: ಶಾಲೆಯ ದಿನಗಳಲ್ಲಿ ಯಾವ ಚಳವಳಿ ಕಂಡಿರಿ? ಗೆಳೆಯರು ಯಾವ ಕಡೆ ನಿಂತರು? ಆ ಉತ್ತರಗಳನ್ನು ಬರೆದಿಡಿರಿ. ಪಠ್ಯಪುಸ್ತಕದಲ್ಲಿ ಸಿಗದ ಇತಿಹಾಸ ಅದೇ.