ಒಂದೇ ಕಾದಂಬರಿ, ಎರಡು ಭೈರವಿ: ‘ಬಸಂತ್ ಬಹಾರ್’ ಮತ್ತು ಕಪಿಲಾ ತೀರದ ಸಂಗೀತ ಚಿತ್ರಗಳು

ಹಿಂದಿಯ ‘ಬಸಂತ್ ಬಹಾರ್’ (1956) ಚಿತ್ರಕ್ಕೆ ಮೂಲ ತ.ರಾ. ಸುಬ್ಬರಾಯರ ‘ಹಂಸಗೀತೆ’ ಕಾದಂಬರಿ. ಹತ್ತೊಂಬತ್ತು ವರ್ಷಗಳ ತರುವಾಯ, 1975ರಲ್ಲಿ, ನಂಜನಗೂಡಿನಲ್ಲಿ ಹುಟ್ಟಿದ ಜಿ.ವಿ. ಅಯ್ಯರ್ ಅದೇ ಕಾದಂಬರಿಯನ್ನು ಅದೇ ಹೆಸರಿನಲ್ಲಿ ಕನ್ನಡದ ತೆರೆಗೆ ತಂದರು. ಈ ನಂಟನ್ನು ನಾವು ಸಾಮಾನ್ಯವಾಗಿ ಒಂದು ಸಾಲಿನ ಮಾಹಿತಿಯಾಗಿ ಹೇಳಿ ಮುಂದೆ ಹೋಗುತ್ತೇವೆ. ಹಾಡುಗಳನ್ನು ರಾಗ ಹಿಡಿದು ಕೇಳಿದಾಗಲೇ, ಒಂದು ಕಥೆ ಎರಡು ಸಂಗೀತ ಪದ್ಧತಿಗಳ ಕೈಯಲ್ಲಿ ಎಷ್ಟು ದೂರ ಸರಿಯಿತು ಎಂಬುದು ತಿಳಿಯುವುದು.

ಕಾದಂಬರಿಯ ನಾಯಕ ಚಿತ್ರದುರ್ಗದ ಗಾಯಕ ವೆಂಕಟಸುಬ್ಬಯ್ಯ. ಭೈರವಿ ರಾಗದ ಮೇಲಿನ ಹಿಡಿತದಿಂದ ಅವನಿಗೆ ‘ಭೈರವಿ’ ಎಂಬ ಹೆಸರು ಅಂಟಿಕೊಂಡಿತು. ಅಧಿಕಾರದ ಅಪ್ಪಣೆಗೆ ಹಾಡಲೊಲ್ಲದೆ ಅವನು ನಾಲಗೆಯನ್ನೇ ಕತ್ತರಿಸಿಕೊಂಡ ಎಂಬ ಐತಿಹ್ಯವೇ ಕಥೆಯ ಜೀವ. ಅಲ್ಲಿ ಪ್ರೇಮ ಇದೆ, ಆದರೆ ಅದು ಗಾಯಕ ದಾಟಿ ಹೋಗುವ ಒಂದು ಘಟ್ಟ ಮಾತ್ರ.

ಮುಂಬಯಿ ಈ ಕ್ರಮವನ್ನು ತಿರುಗಿಸಿತು. ರಾಜಾ ನವಾಥೆ ನಿರ್ದೇಶನದಲ್ಲಿ ಗಾಯಕ ಗೋಪಾಲನಾಗಿ ಭರತ್ ಭೂಷಣ್, ನರ್ತಕಿ ಗೋಪಿಯಾಗಿ ನಿಮ್ಮಿ. ಇವರಿಬ್ಬರ ಪ್ರೇಮವೇ ನಡುಗಂಬವಾಯಿತು. ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ: 1952ರ ‘ಬೈಜು ಬಾವ್ರಾ’ದಲ್ಲಿ ಇದೇ ಭರತ್ ಭೂಷಣ್ ಪ್ರೇಮಿ ಗಾಯಕನಾಗಿ ಗೆದ್ದಿದ್ದರು, ಆ ಅಚ್ಚು ಸಿದ್ಧವಾಗಿತ್ತು. ಶೈಲೇಂದ್ರ ಮತ್ತು ಹಸರತ್ ಜೈಪುರಿ ಬರೆದ ಒಂಬತ್ತು ಹಾಡುಗಳಿಗೆ ಶಂಕರ್–ಜೈಕಿಶನ್ ರಾಗ ಹಾಕಿದರು. ಜನಪ್ರಿಯ ಧಾಟಿಯವರೆಂದೇ ಹೆಸರಾಗಿದ್ದ ಈ ಜೋಡಿ ಇಲ್ಲಿ ಪೀಲು, ಮಿಯಾ ಮಲ್ಹಾರ್, ತೋಡಿ, ಝಿಂಝೋಟಿ, ಬಸಂತ್‌ಗಳನ್ನು ಗ್ರಾಮಫೋನ್ ತಟ್ಟೆಯ ಮೂರೂವರೆ ನಿಮಿಷದ ಅಳತೆಗೆ ತಂದರೂ ರಾಗಗಳ ಮುಖಲಕ್ಷಣ ಕೆಡಿಸಲಿಲ್ಲ. ಅವರ ಕೆಲಸದಲ್ಲಿ ನನಗೆ ಇದಕ್ಕಿಂತ ಮೇಲಾದದ್ದು ಕಾಣದು.

ಇವುಗಳಲ್ಲಿ ಬಸಂತ್ ರಾಗದ ಸ್ಪರ್ಧಾಗೀತೆಯ ಕಥೆ ಪ್ರಸಿದ್ಧ. ಆಸ್ಥಾನ ಗಾಯಕನಿಗೆ ಕಂಠ ಕೊಟ್ಟವರು ಗದಗದ ಭೀಮಸೇನ ಜೋಶಿ, ಅವರನ್ನು ಸೋಲಿಸುವ ನಾಯಕನ ಕಂಠ ಮನ್ನಾ ಡೇ ಅವರದು. ಈ ಕೆಲಸ ತಮ್ಮಿಂದಾಗದೆಂದು ಊರು ಬಿಡಲು ಯೋಚಿಸಿದ್ದನ್ನೂ, ಹೆಂಡತಿ ತಡೆದದ್ದನ್ನೂ ಮನ್ನಾ ಡೇ ಆಮೇಲೆ ಹೇಳಿಕೊಂಡಿದ್ದಾರೆ. ಕನ್ನಡದ ಕಥೆಯಲ್ಲಿ ಕನ್ನಡಿಗನೇ ಸೋಲಬೇಕಾಗಿ ಬಂತು. ಕೇಳುವವರ ಕಿವಿ ಮಾತ್ರ ಆ ತೀರ್ಪನ್ನು ಇವತ್ತಿಗೂ ಒಪ್ಪಿದಂತಿಲ್ಲ.

ಇನ್ನೊಂದು ಹಾಡು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಪನ್ನಾಲಾಲ್ ಘೋಷರ ಕೊಳಲಿನೊಡನೆ ಲತಾ ಮಂಗೇಶ್ಕರ್ ಹಾಡಿದ್ದು ಭೈರವಿಯಲ್ಲಿ. ವೆಂಕಟಸುಬ್ಬಯ್ಯನ ಹೆಸರಿನ ರಾಗ ಹೀಗೆ ನಾಯಕಿಯ ಪಾಲಾಯಿತು. ಆದರೆ ಅದು ಅವನ ಭೈರವಿಯಲ್ಲ. ಹಿಂದೂಸ್ತಾನಿ ಭೈರವಿಯ ಸ್ವರಗಳು ಕರ್ನಾಟಕ ಪದ್ಧತಿಯಲ್ಲಿ 8ನೆಯ ಮೇಳವಾದ ಹನುಮತೋಡಿಯವು. ನಮ್ಮ ಭೈರವಿಯಾದರೋ 20ನೆಯ ಮೇಳ ನಟಭೈರವಿಯ ಜನ್ಯ. ಆರೋಹಣಕ್ಕೊಂದು, ಅವರೋಹಣಕ್ಕೊಂದು ಎಂದು ಎರಡು ಧೈವತಗಳುಳ್ಳ ಭಾಷಾಂಗ ರಾಗ. ವಿಸ್ತಾರವಾಗಿ ಆಲಾಪಿಸಿದಾಗಲೇ ಅದರ ಗಾಂಭೀರ್ಯ ತೆರೆದುಕೊಳ್ಳುವುದು. ಚಿತ್ರಗೀತೆಯ ಅಳತೆಗೆ ಅದು ಸುಲಭಕ್ಕೆ ಬಗ್ಗುವುದಿಲ್ಲ.

ಆ ವಿಸ್ತಾರವನ್ನು ತೆರೆಯ ಮೇಲೆ ತರುವ ಹಂಬಲ ಮೈಸೂರು ಸೀಮೆಗೆ ಹೊಸದಲ್ಲ. ನಂಜನಗೂಡಿನಿಂದ ಕಪಿಲೆ ಇಳಿದು ಕಾವೇರಿ ಸೇರುವಲ್ಲಿ ತಿ. ನರಸೀಪುರ; ಆ ಸಂಗಮದ ತಿರುಮಕೂಡಲು ಪಿಟೀಲು ಚೌಡಯ್ಯನವರ ಊರು. ಬಿಡಾರಂ ಕೃಷ್ಣಪ್ಪನವರ ಶಿಷ್ಯ, ಏಳು ತಂತಿಯ ಪಿಟೀಲಿನ ನಿರ್ಮಾತೃ, 1957ರ ಸಂಗೀತ ಕಲಾನಿಧಿ ಎಂಬುದೆಲ್ಲ ಎಲ್ಲರಿಗೂ ಗೊತ್ತು. ಅವರು 1943ರಲ್ಲಿ ‘ವಾಣಿ’ ಎಂಬ ಚಿತ್ರ ಮಾಡಿದ್ದನ್ನು ನೆನೆಯುವವರು ಕಡಿಮೆ. ಕೆ. ಹಿರಣ್ಣಯ್ಯ ನಿರ್ದೇಶಿಸಿದ ಈ ಚಿತ್ರದಿಂದಲೇ ಪಂಡರೀಬಾಯಿ ತೆರೆಗೆ ಬಂದರು. ಚೆಂಬೈ ವೈದ್ಯನಾಥ ಭಾಗವತರ್ ಹಾಡಿಕೆ, ಚೌಡಯ್ಯನವರ ಪಿಟೀಲು ಕೂಡಿದ ಕಚೇರಿಯನ್ನೇ ಅದರಲ್ಲಿ ಚಿತ್ರಿಸಲಾಗಿದೆ. ಕಥೆಗೆ ಹಾಡು ಹೊಂದಿಸುವ ಬದಲು ಕಚೇರಿಗೆ ಕ್ಯಾಮೆರಾ ಹೊಂದಿಸಿದ ಪ್ರಯೋಗ ಅದು.

ಅಯ್ಯರ್ ಅದೇ ವರ್ಷ ‘ರಾಧಾರಮಣ’ದಿಂದ ಚಿತ್ರರಂಗಕ್ಕೆ ಬಂದವರು. 1917ರಲ್ಲಿ ಹುಟ್ಟಿ, ಗುಬ್ಬಿ ಕಂಪನಿಯ ರಂಗಗೀತೆಗಳ ನಡುವೆ ಬೆಳೆದು, ಸಿನಿಮಾಕ್ಕೆ ಹಾಡು, ಸಂಭಾಷಣೆ ಎರಡನ್ನೂ ಬರೆದರು. ಪ್ರೇಮಗೀತೆಯ ಮಾರುಕಟ್ಟೆ ಗೊತ್ತಿಲ್ಲದೆ ಅದನ್ನು ಬಿಟ್ಟವರಲ್ಲ. 1971ರಲ್ಲಿ ಅವರು ‘ವಂಶವೃಕ್ಷ’ ನಿರ್ಮಿಸಿದರು. ಭೈರಪ್ಪನವರ ಆ ಕಾದಂಬರಿಯ ಶ್ರೋತ್ರಿಗಳ ಮನೆ ಇರುವುದು ನಂಜನಗೂಡಿನಲ್ಲೇ. ನಡುವೆ 1966ರಲ್ಲಿ, ಅ.ನ.ಕೃ. ಕಾದಂಬರಿ ಆಧರಿಸಿದ ‘ಸಂಧ್ಯಾರಾಗ’ಕ್ಕೆ ಭೀಮಸೇನ ಜೋಶಿ, ಬಾಲಮುರಳಿಕೃಷ್ಣ ಇಬ್ಬರೂ ಹಾಡಿದ್ದರು. ಶಾಸ್ತ್ರೀಯ ಕಂಠಕ್ಕೆ ಕನ್ನಡ ಪ್ರೇಕ್ಷಕರ ಕಿವಿ ಅಷ್ಟರಲ್ಲೇ ಹದಗೊಂಡಿತ್ತು.

‘ಹಂಸಗೀತೆ’ಯಲ್ಲಿ ಅಯ್ಯರ್ ಅನಂತನಾಗ್ ಅವರನ್ನು ವೆಂಕಟಸುಬ್ಬಯ್ಯನನ್ನಾಗಿ ಮಾಡಿ, ಸಂಗೀತವನ್ನು ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರಿಗೆ ಒಪ್ಪಿಸಿದರು. ಹಿಂದಿ ಚಿತ್ರದ ದೊಡ್ಡ ವಾದ್ಯಮೇಳ ಇಲ್ಲಿಲ್ಲ. ಹಾಡು ಸನ್ನಿವೇಶವನ್ನು ಅಲಂಕರಿಸುವುದೂ ಇಲ್ಲ. ಒಬ್ಬ ಗಾಯಕ ಕಲಿಯುವುದು, ಗರ್ವಪಡುವುದು, ಮಣಿಯುವುದು ಎಲ್ಲವೂ ಹಾಡಿಕೆಯಲ್ಲೇ ನಡೆಯುತ್ತದೆ. ಕೆಲವು ಭಾಗಗಳು ನಿಧಾನವೆನಿಸುವುದು ನಿಜ. ಆದರೆ ಆ ನಿಧಾನವಿಲ್ಲದೆ ಕೊನೆಯ ನಿರಾಕರಣೆಗೆ ತೂಕ ಬರುತ್ತಿರಲಿಲ್ಲ: ಯಾವ ಕಂಠ ಹೋಗುತ್ತದೆ ಎಂಬುದು ಪ್ರೇಕ್ಷಕನಿಗೆ ಮೊದಲು ಗೊತ್ತಿರಬೇಕು. ಸ್ಪರ್ಧೆ ಗೆಲ್ಲುವ ನಾಯಕನನ್ನು ಕಟ್ಟಿದ ‘ಬಸಂತ್ ಬಹಾರ್’ಗೆ ಈ ಅಂತ್ಯ ಬೇಕಿರಲಿಲ್ಲ.

23ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ‘ಹಂಸಗೀತೆ’ ಅತ್ಯುತ್ತಮ ಕನ್ನಡ ಚಿತ್ರವಾಯಿತು. ಅದರ ಗಾಯನಕ್ಕಾಗಿ ಬಾಲಮುರಳಿಕೃಷ್ಣ ಅತ್ಯುತ್ತಮ ಹಿನ್ನೆಲೆ ಗಾಯಕರೆನಿಸಿದರು.